ಆನೆ ಹಿಡಿದ ನೆಲದಲ್ಲಿ ಆನೆ ನೋಡುವ ವ್ಯಾಪಾರ

1906ರ ಆರಂಭದಲ್ಲಿ ಬ್ರಿಟನ್ನಿನ ಯುವರಾಜ, ಮುಂದೆ ಐದನೇ ಜಾರ್ಜ್ ಆಗಿ ಪಟ್ಟವೇರಿದವನು, ಮಡದಿಯೊಡನೆ ಮೈಸೂರಿಗೆ ಬಂದ. ಅರಮನೆ, ಚಾಮುಂಡಿ ಬೆಟ್ಟ ತೋರಿಸಿ ಕಳಿಸಿಬಿಡುವ ಅತಿಥಿ ಅವನಲ್ಲ. ಅವನಿಗಾಗಿ ಹೆಗ್ಗಡದೇವನಕೋಟೆ ಸೀಮೆಯ ಕಾರಾಪುರದಲ್ಲಿ ಬಿಡಾರ ಸಿದ್ಧವಾಗಿತ್ತು; ಸಮೀಪದ ಕಾಕನಕೋಟೆ ಕಾಡಿನಲ್ಲಿ ಖೆಡ್ಡಾ ಏರ್ಪಾಡಾಗಿತ್ತು. ಕಾಡಾನೆಗಳ ಹಿಂಡನ್ನು ತಮಟೆ, ಗದ್ದಲ, ಕೋವಿಯ ಸದ್ದಿನಿಂದ ಬೆದರಿಸಿ ಕಬಿನಿ ಹೊಳೆಗೆ ಇಳಿಸುವುದು, ಹೊಳೆ ದಾಟಿಸಿ ಮರದ ದಿಮ್ಮಿಗಳ ಆವರಣದೊಳಗೆ ನುಗ್ಗಿಸುವುದು, ಬಾಗಿಲು ಕೆಡವುವುದು, ಆಮೇಲೆ ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಒಂದೊಂದಕ್ಕೂ ಹಗ್ಗ ಬಿಗಿಯುವುದು: ಇದು ಕೆಲಸವೂ ಹೌದು, ಪ್ರದರ್ಶನವೂ ಹೌದು.

ಪ್ರದರ್ಶನ ನೋಡಿದವರ ಹೆಸರುಗಳು ಚರಿತ್ರೆಯಲ್ಲಿ ಉಳಿದಿವೆ. ಕೆಲಸ ಮಾಡಿದವರ ಹೆಸರುಗಳು ಬಹುಮಟ್ಟಿಗೆ ಉಳಿದಿಲ್ಲ. ವಾರಗಟ್ಟಲೆ ಮೊದಲೇ ಕಾಡಿಗಿಳಿದು ಹಿಂಡಿನ ಜಾಡು ಹಿಡಿದವರು ಕಾಡಿನ ಹಾಡಿಗಳಲ್ಲಿದ್ದ ಆದಿವಾಸಿಗಳಾದ ಜೇನುಕುರುಬರು, ಬೆಟ್ಟಕುರುಬರು. ಸೋಗೆ, ದಿಮ್ಮಿ, ಹಗ್ಗ ಹೊತ್ತವರು ಸುತ್ತಲಿನ ಹಳ್ಳಿಯವರು. ಹಿಡಿದ ಆನೆ ಪಳಗಿಸಿದವರು ಮಾವುತರು, ಕಾವಾಡಿಗಳು. ಕಾಡು ಸರ್ಕಾರದ್ದು, ಅತಿಥಿ ದೊರೆಯವನು, ಕೌಶಲ ಹಾಡಿಯದ್ದು. ಮೈಸೂರು ಜಿಲ್ಲೆಯ ಪಶ್ಚಿಮದ ಹೆಗ್ಗಡದೇವನಕೋಟೆ (ಕೋಟೆ), ಹುಣಸೂರು ತಾಲ್ಲೂಕುಗಳಲ್ಲಿ ಕಾಡು ನೋಡಲು ಬರುವವರಿಂದ ಹುಟ್ಟುವ ಸಂಪಾದನೆಯ ಲೆಕ್ಕ ಅಂದು ಹೀಗೆ ಶುರುವಾಯಿತು. ನೂರಿಪ್ಪತ್ತು ವರ್ಷಗಳಲ್ಲಿ ಅತಿಥಿ ಬದಲಾದ, ಟಿಕೆಟ್ಟು ಬಂತು, ಕ್ಯಾಮೆರಾ ಬಂತು. ಪಾಲಿನ ಲೆಕ್ಕ ಮಾತ್ರ ಇನ್ನೂ ಪೂರ್ತಿ ಇತ್ಯರ್ಥವಾಗಿಲ್ಲ.

ಖೆಡ್ಡಾಕ್ಕೂ ಮೊದಲು ಈ ಕಾಡು ಹೊರಗಿನ ಲೋಕಕ್ಕೆ ಗೊತ್ತಿದ್ದುದು ಸರಕಿನ ಕಣಜವಾಗಿ. ಅದರ ಹೆಬ್ಬಾಗಿಲು ಹುಣಸೂರು. ಕಂಪನಿ ಸೈನ್ಯದ ತೋಪು ಎಳೆಯುವ ಅಮೃತಮಹಲ್ ಎತ್ತುಗಳ ಕೇಂದ್ರ ಕಚೇರಿ 19ನೇ ಶತಮಾನದಲ್ಲಿ ಇಲ್ಲಿತ್ತು. ಜೊತೆಗೆ ಚರ್ಮ ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಡಿಪೋ ಇದ್ದವು. ಕೊಡಗಿನ ಕಾಫಿಯೂ ಈ ದಾರಿಯಲ್ಲೇ ಇಳಿದು ಬರುತ್ತಿತ್ತು. ನಾಗರಹೊಳೆಯ ಕಡೆ ಕಾಡು ಕಡಿದು ತೇಗದ ನೆಡುತೋಪು ಎಬ್ಬಿಸಿದ್ದೂ ಆ ಶತಮಾನದ ಉತ್ತರಾರ್ಧದಲ್ಲೇ. ಇಂದು ಸಫಾರಿ ಜೀಪಿನಲ್ಲಿ ಕೂತವರು ‘ಎಂಥ ದಟ್ಟ ಕಾಡು’ ಎಂದು ಬೆರಗಾಗುವ ಕಡೆಗಳಲ್ಲಿ ಸಾಲು ಹಿಡಿದು ನಿಂತ ತೇಗದ ಮರಗಳು ಬೇಕಾದಷ್ಟಿವೆ. ಅವು ಸರ್ಕಾರ ಮರಮುಟ್ಟಿಗೆಂದು ನೆಟ್ಟ ಬೆಳೆ.

ಮರದಂತೆ ಆನೆಯೂ ಸರಕೇ ಆಗಿತ್ತು. ಕಾಕನಕೋಟೆಯಲ್ಲಿ ಆನೆ ಹಿಡಿಯಲು ಕರ್ನಲ್ ಹಂಟರ್ 1840ರ ದಶಕದಲ್ಲಿ ಮಾಡಿದ ಯತ್ನ ಕೈಗೂಡಲಿಲ್ಲ. ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಗೆದ್ದ ಮೇಲೆ ಮೈಸೂರು ಸಂಸ್ಥಾನಕ್ಕೆ ಆ ವಿದ್ಯೆ ಒಲಿಯಿತು. ಮುಂದೆ ಕಾಕನಕೋಟೆಯ ಹೊಳೆ ಖೆಡ್ಡಾ ಜಗತ್ತಿನಾದ್ಯಂತ ಹೆಸರಾಯಿತು. 1890ರಿಂದ 1971ರವರೆಗೆ 36 ಖೆಡ್ಡಾಗಳಲ್ಲಿ ಸುಮಾರು 1,500 ಆನೆಗಳನ್ನು ಹಿಡಿದರು. ಅರಮನೆಗೆ, ಅರಣ್ಯ ಇಲಾಖೆಗೆ ಬೇಕಾದಷ್ಟು ಉಳಿಸಿಕೊಂಡು ಮಿಕ್ಕವನ್ನು ಮಾರುತ್ತಿದ್ದರು. ಮಾರಾಟದ ಹಣ ಖಜಾನೆಗೆ, ಕೂಲಿ ಹಳ್ಳಿಗೆ.

ಆದರೆ ಹೊಳೆಯ ದಂಡೆಯ ಅಟ್ಟಣೆಯ ಮೇಲೆ ಕೂತು ನೋಡುವವರೇ ಕಾಲಕ್ರಮದಲ್ಲಿ ಖೆಡ್ಡಾದ ಮುಖ್ಯ ಉದ್ದೇಶವಾಗಿಬಿಟ್ಟರು. ವೈಸರಾಯ್ ಬಂದರೆ ಖೆಡ್ಡಾ, ರಾಜಕುಮಾರ ಬಂದರೆ ಖೆಡ್ಡಾ. ಕಾರಾಪುರದಲ್ಲಿ ಬೇಟೆ ಬಂಗಲೆ, ವೈಸರಾಯ್ ಬಂಗಲೆಗಳು ಎದ್ದವು. ರಸ್ತೆ ಬಂತು. ಆ ಕಾಡಿನ ಹೆಸರು ಪರದೇಶದ ಪರದೆಗೂ ಏರಿತು. 1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ಚಿತ್ರಕ್ಕಾಗಿ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದಾಗ ಸಿಕ್ಕ ಹುಡುಗ ಸಾಬು, 1924ರಲ್ಲಿ ಕಾರಾಪುರದಲ್ಲಿ ಹುಟ್ಟಿದ ಮಾವುತನ ಮಗ. ಅವನು ಲಂಡನ್ನಿಗೆ ಹೋದ, ಅಲ್ಲಿಂದ ಹಾಲಿವುಡ್ಡಿಗೆ ಹೋದ, ತಾರೆಯಾದ. ಈ ಕಾಡಿನ ಕೌಶಲವನ್ನು ಹೊರಗಿನ ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆಗೆ ಮಾರಿದವನು ಬಹುಶಃ ಅವನೊಬ್ಬನೇ. ಊರಲ್ಲಿ ಉಳಿದ ಮಾವುತರು ಮಾವುತರಾಗಿಯೇ ಉಳಿದರು.

1970ರ ದಶಕದ ಮೊದಲ ನಾಲ್ಕೈದು ವರ್ಷಗಳಲ್ಲಿ ಎಲ್ಲವೂ ತಲೆಕೆಳಗಾಯಿತು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಶಿಕಾರಿ ನಿಂತಿತು. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು. 1974ರಲ್ಲಿ ಬೀಚನಹಳ್ಳಿ, ಬಿದರಹಳ್ಳಿಗಳ ಬಳಿ ಕಬಿನಿ ಅಣೆಕಟ್ಟು ಮುಗಿದು 19.52 ಟಿಎಂಸಿ ನೀರು ನಿಲ್ಲುವ ಜಲಾಶಯವಾಯಿತು. ಹಳ್ಳಿಗಳು, ಹಾಡಿಗಳು, ಬಿದಿರು ಮೆಳೆ, ಜೊತೆಗೆ ಖೆಡ್ಡಾ ನಡೆಯುತ್ತಿದ್ದ ಹೊಳೆದಂಡೆಯ ಬಹುಭಾಗ ಮುಳುಗಿತು. ಅತ್ತ, 1955ರಲ್ಲಿ ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದಾಗ ಅಲ್ಲಿನ ಕಾಡಿನಲ್ಲಿ ಸ್ಥಾಪನೆಯಾಗಿದ್ದ ನಾಗರಹೊಳೆ ಅಭಯಾರಣ್ಯಕ್ಕೆ ಮೈಸೂರು ಜಿಲ್ಲೆಯ ಕಾಡುಗಳೂ ಸೇರಿದವು. ಹುಣಸೂರು, ಕೋಟೆ ತಾಲ್ಲೂಕುಗಳ ಕಾಡು ಒಂದೇ ಉದ್ಯಾನದ ಭಾಗವಾಯಿತು.

ಮುಳುಗಡೆ ಒಂದು ಹೊಸ ಸಂಗತಿಯನ್ನೂ ಹುಟ್ಟಿಸಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಬಯಲಾಗುವ ನೆಲದಲ್ಲಿ ಹಸಿಹುಲ್ಲು ಚಿಗುರುತ್ತದೆ. ಸುತ್ತಲ ಕಾಡು ಒಣಗಿರುವ ಹೊತ್ತಿಗೆ ನೀರು, ಮೇವು ಎರಡೂ ಒಂದೇ ಕಡೆ. ಬಂಡೀಪುರ, ನಾಗರಹೊಳೆ, ವಯನಾಡಿನ ಹಿಂಡುಗಳೆಲ್ಲ ಅಲ್ಲಿಗೆ ಇಳಿಯುತ್ತವೆ. ಏಷ್ಯಾದ ಕಾಡಾನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಕಣ್ಣಿಗೆ ಬೀಳುವ ಜಾಗಗಳು ಕೆಲವೇ. ನೂರಾರು ಜನ ಗದ್ದಲ ಹಾಕಿ ಹೊಳೆಗೆ ಇಳಿಸಬೇಕಾಗಿದ್ದ ಆನೆಗಳು ಈಗ ತಾವಾಗಿಯೇ ನೀರಿನಂಚಿಗೆ ಬಂದು ನಿಂತವು.

ಅದರ ಬೆಲೆ ಮೊದಲು ಕಂಡದ್ದು ಆರ್. ಗುಂಡೂರಾವ್ ಕಾಲದ ಸರ್ಕಾರ. ನೇಪಾಳದ ಟೈಗರ್ ಟಾಪ್ಸ್ ಕಂಪನಿಯ ಜೊತೆಗೂಡಿ 1980ರಲ್ಲಿ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ ಹುಟ್ಟಿತು. 1984ರಲ್ಲಿ ಕಾರಾಪುರದ ಹಳೆಯ ಬಂಗಲೆಗಳಲ್ಲಿ ಕಬಿನಿ ರಿವರ್ ಲಾಡ್ಜ್ ತೆರೆಯಿತು. 1987ರ ಹೊತ್ತಿಗೆ ಸಂಸ್ಥೆ ಪೂರ್ತಿ ಸರ್ಕಾರದ್ದಾಯಿತು. ಲಾಡ್ಜಿನ ಚೇತನವಾಗಿದ್ದ ಕರ್ನಲ್ ಜಾನ್ ವೇಕ್‌ಫೀಲ್ಡ್ ಒಂದು ಕಾಲದ ಶಿಕಾರಿ. ‘ಪಾಪಾ’ ಎಂದೇ ಹೆಸರಾಗಿ 2010ರಲ್ಲಿ ತೀರಿಕೊಳ್ಳುವವರೆಗೆ ಕಬಿನಿಯ ನಂಟು ಬಿಡಲಿಲ್ಲ. ದೊರೆಗಳಿಗೆ ಕಟ್ಟಿದ ಮನೆಯಲ್ಲಿ ದುಡ್ಡು ಕೊಟ್ಟು ಯಾರಾದರೂ ತಂಗಬಹುದು ಎಂಬುದು ದೊಡ್ಡ ಬದಲಾವಣೆ. ಬೆಳಿಗ್ಗೆ ಜೀಪು, ಸಂಜೆ ದೋಣಿ, ನಡುವೆ ಊಟ, ಜೊತೆಗೊಬ್ಬ ನ್ಯಾಚುರಲಿಸ್ಟ್: ಈ ಏರ್ಪಾಡನ್ನು ಆಮೇಲೆ ಬಂದ ಖಾಸಗಿ ರೆಸಾರ್ಟುಗಳೆಲ್ಲ ಅನುಸರಿಸಿದವು. ಅಂತರಸಂತೆ, ಕಾರಾಪುರ, ಎನ್. ಬೇಗೂರು ಸುತ್ತ ಹಿನ್ನೀರಿಗೆ ಮುಖ ಮಾಡಿದ ಹೊಲಗಳ ಬೆಲೆ ಏರಿತು. ದಮ್ಮನಕಟ್ಟೆ ಗೇಟಿನಲ್ಲಿ ಜೀಪು, ಕ್ಯಾಂಟರ್‌ಗಳ ಸಾಲು ಬೆಳೆಯಿತು. ಇತ್ತೀಚೆಗೆ ಕರಿಚಿರತೆಯೊಂದರ ಚಿತ್ರಗಳು ಜಗತ್ತು ಸುತ್ತಿದ ಮೇಲೆ ಕಬಿನಿ ಎಂಬ ಹೆಸರೇ ಒಂದು ಮುದ್ರೆಯಾಯಿತು.

ಕಾಡಿನೊಳಗೆ ಇದ್ದವರ ಕಥೆ ಬೇರೆ ದಿಕ್ಕಿಗೆ ನಡೆಯಿತು. ಜೇನು, ಸೀಗೆಕಾಯಿ, ನೆಲ್ಲಿಕಾಯಿ, ಮರಪಾಚಿ ಆಯ್ದು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಹಾಕಿ ಬದುಕುತ್ತಿದ್ದ ಕುಟುಂಬಗಳಿಗೆ ಉದ್ಯಾನದ ಕಾನೂನು ಒಂದೊಂದೇ ದಾರಿ ಮುಚ್ಚಿತು. ಹಾಡಿಗಳು ಕಾಡಿನಂಚಿಗೆ ಸರಿದವು. ಹೊರಬಿದ್ದವರ ಪೈಕಿ ಬಹಳ ಮಂದಿಗೆ ಸಿಕ್ಕ ಕೆಲಸ ಕೊಡಗಿನ ಕಾಫಿ ತೋಟದ ಕೂಲಿ.

ಹೀಗಿರುವಾಗ 1990ರ ದಶಕದ ನಡುವೆ ಉದ್ಯಾನದೊಳಗಿನ ಮೂರ್ಕಲ್‌ನಲ್ಲಿದ್ದ ಅರಣ್ಯ ಇಲಾಖೆಯ ಕಟ್ಟಡಗಳು ತಾಜ್ ಸಮೂಹದ ರೆಸಾರ್ಟಿಗೆ ಗುತ್ತಿಗೆಯಾದವು. ‘ನಾವು ಸೌದೆ ತಂದರೆ ಕೇಸು, ಹೋಟೆಲು ಕಟ್ಟಿದರೆ ಕರಾರು’ ಎಂಬ ಸಿಟ್ಟು ಹಾಡಿಗಳಲ್ಲಿ ಹೊಗೆಯಾಡಿತು. ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ ಬೀದಿಗಿಳಿಯಿತು, ವಿಷಯ ನ್ಯಾಯಾಲಯ ತಲುಪಿತು. ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರದ ಒಪ್ಪಿಗೆ ಪಡೆಯದ ಈ ಗುತ್ತಿಗೆ ನಿಲ್ಲದು ಎಂದು 1997ರ ಜನವರಿಯಲ್ಲಿ ಹೈಕೋರ್ಟ್ ಹೇಳಿತು. ಸರ್ಕಾರಿ ಕಾಡನ್ನು ಪ್ರವಾಸದ ವ್ಯಾಪಾರಕ್ಕೆ ಕೊಡಲು ಇಲಾಖೆಗೆ ಎಷ್ಟು ಅಧಿಕಾರವಿದೆ ಎಂಬುದಕ್ಕೆ ಗೆರೆ ಎಳೆದ ತೀರ್ಪು ಅದು. ವಿಶ್ವಬ್ಯಾಂಕ್ ನೆರವಿನ ಪರಿಸರಾಭಿವೃದ್ಧಿ ಯೋಜನೆಯ ವಿರುದ್ಧವೂ ಆದಿವಾಸಿಗಳು ಬ್ಯಾಂಕಿನ ತನಿಖಾ ಸಮಿತಿಗೆ 1998ರಲ್ಲಿ ದೂರಿತ್ತರು. 1999ರಿಂದ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಕುಟುಂಬಗಳನ್ನು ತಂದು, ತಲಾ ಐದು ಎಕರೆ ಜಮೀನು ಕೊಟ್ಟು ನೆಲೆಗೊಳಿಸುವ ಕೆಲಸ ಶುರುವಾಯಿತು. ಅದಕ್ಕೂ ಹಿಂದೆ ಏನೂ ದಕ್ಕದೆ ಹೊರಬಿದ್ದವರ ಲೆಕ್ಕ ತೆಗೆಯಲು ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 3,418 ಕುಟುಂಬಗಳ ಪುನರ್ವಸತಿಯ ಪ್ರಶ್ನೆಯನ್ನು ಕೈಗೆತ್ತಿಕೊಂಡು 2014ರಲ್ಲಿ ವರದಿ ಕೊಟ್ಟಿತು.

ಪ್ರವಾಸದ ಹಣ ಹಳ್ಳಿಗೆ ಇಳಿಯುತ್ತದೆಯೇ? ಕೃತಿ ಕಾರಂತ್ ಮತ್ತು ರುತ್ ಡಿಫ್ರೀಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ನಾಗರಹೊಳೆ, ಬಂಡೀಪುರ ಸೇರಿ ದೇಶದ 10 ಸಂರಕ್ಷಿತ ಪ್ರದೇಶಗಳನ್ನು ನೋಡಿತ್ತು. ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಿದೆ, ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಆದರೆ ಕಾಡಿನಿಂದ 10 ಕಿಲೋಮೀಟರ್ ಒಳಗಿನ ಜನಸಂಖ್ಯೆಯಲ್ಲಿ ಪ್ರವಾಸೋದ್ಯಮದ ನೌಕರಿ ಸಿಕ್ಕವರು ಲೆಕ್ಕಕ್ಕೂ ಹಿಡಿಯದಷ್ಟು ಕಡಿಮೆ. ಕೋಟೆ ತಾಲ್ಲೂಕಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಚಾಲಕ, ಅಡುಗೆ ಸಹಾಯಕ, ತೋಟದ ಕೆಲಸಗಾರ, ರೂಮು ಗುಡಿಸುವವರು ಊರಿನವರು. ಇಲಾಖೆಯ ದಿನಗೂಲಿ ವಾಚರ್‌ಗಳಲ್ಲಿ ಜೇನುಕುರುಬರು ಅನೇಕರು. ಹುಲಿಯ ಹೆಜ್ಜೆ ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಗೇಟು ಸರ್ಕಾರದ್ದು, ಹಾಸಿಗೆ ಬಂಡವಾಳಗಾರನದ್ದು. ಹಳ್ಳಿಯವನ ಕೈಗೆ ಬರುವುದು ಸಂಬಳ ಮಾತ್ರ.

ನೆರೆಯ ಎರಡು ತಾಲ್ಲೂಕುಗಳಲ್ಲಿ ಲೆಕ್ಕ ಬೇರೆ. ಹಳೆಯ ಕೆ.ಆರ್. ನಗರ ತಾಲ್ಲೂಕಿನ ಚುಂಚನಕಟ್ಟೆಯಲ್ಲಿ ಕಾವೇರಿ ಧುಮುಕುವ ಕಡೆ ಕೋದಂಡರಾಮನ ಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ದನಗಳ ಜಾತ್ರೆ. ಹಳ್ಳಿಕಾರ್ ಜೋಡಿಗಳನ್ನು ಸಿಂಗರಿಸಿ ಚಪ್ಪರದಡಿ ಕಟ್ಟಿದ ರೈತ ಅಲ್ಲಿ ಮಾರುವವನೂ ಹೌದು, ನೋಡಲು ಬಂದವನೂ ಹೌದು. ಹಗ್ಗ, ಗೆಜ್ಜೆ, ಕೊರಳಪಟ್ಟಿ, ಕಡ್ಲೆಪುರಿ, ಬೆಂಡು ಬತ್ತಾಸು ಮಾರುವವರ ಸಂಪಾದನೆಗೆ ನಡುವೆ ಗೇಟಿಲ್ಲ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಜಿಲ್ಲಾಡಳಿತದ ಜಲಪಾತೋತ್ಸವಕ್ಕೂ ಜನ ಸೇರುತ್ತಾರೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯದು ಇನ್ನೂ ವಿಚಿತ್ರ. 1960ರಲ್ಲಿ ಮೈಸೂರು ಸರ್ಕಾರ ಟಿಬೆಟ್ಟಿನ ನಿರಾಶ್ರಿತರಿಗೆಂದು ಸುಮಾರು 3,000 ಎಕರೆ ಕೊಟ್ಟಾಗ ಅದು ಆನೆ ಓಡಾಡುವ ಕುರುಚಲು ಕಾಡು. ಬಂದವರು ಕಡಿದು, ಸುಟ್ಟು, ಜೋಳ ಬಿತ್ತಿದರು. 1963ರಲ್ಲಿ ಪೆನೋರ್ ರಿಂಪೋಚೆ ನಾಮ್‌ಡ್ರೋಲಿಂಗ್ ಮಠ ಕಟ್ಟಲು ಶುರುಮಾಡಿದರು. 1999ರಲ್ಲಿ ಅದರ ಸ್ವರ್ಣ ದೇವಾಲಯ ತೆರೆಯಿತು. ಮಡಿಕೇರಿಗೆ ಹೋಗುವ ಬೆಂಗಳೂರಿನ ಕಾರುಗಳು ಈಗ ಅಲ್ಲಿ ನಿಲ್ಲದೆ ಮುಂದೆ ಹೋಗುವುದು ಅಪರೂಪ. ಆಟೋ, ಅಂಗಡಿ, ಮೊಮೊ ಹೋಟೆಲುಗಳಲ್ಲಿ ಟಿಬೆಟನ್ನರ ಜೊತೆ ಪಿರಿಯಾಪಟ್ಟಣ, ಕುಶಾಲನಗರದವರೂ ದುಡಿಯುತ್ತಾರೆ. ಸರ್ಕಾರದ ನೆಲದ ಮೇಲೆ ನಿಂತವರೇ ಅತಿಥಿಯನ್ನು ಎದುರುಗೊಳ್ಳುವ ಹಕ್ಕು ಪಡೆದಾಗ ಏನಾಗುತ್ತದೆ ಎಂಬುದಕ್ಕೆ ಜಿಲ್ಲೆಯೊಳಗೇ ಇರುವ ನಿದರ್ಶನ ಇದು.

ಇಷ್ಟಾದರೂ ಈ ನಾಲ್ಕು ತಾಲ್ಲೂಕುಗಳ ಹೊಟ್ಟೆ ಹೊರೆಯುವುದು ಪ್ರವಾಸವಲ್ಲ, ಬೇಸಾಯ. ಹುಣಸೂರು, ಪಿರಿಯಾಪಟ್ಟಣ, ಕೋಟೆಗಳಲ್ಲಿ ವರ್ಜೀನಿಯಾ ಹೊಗೆಸೊಪ್ಪು. ಕಟ್ಟೆಮಳಲವಾಡಿ, ಕಂಪಲಾಪುರಗಳ ಹರಾಜು ಕಟ್ಟೆಯಲ್ಲಿ ಅದರ ದರ ಏರಿದರೆ ಊರು ನಗುತ್ತದೆ. ಕೆ.ಆರ್. ನಗರದಲ್ಲಿ ಕಾವೇರಿ ನಾಲೆಯ ಭತ್ತ. ಕಾಡಂಚಿನ ಹೊಲದಲ್ಲಿ ರಾಗಿ, ಹತ್ತಿ, ಶುಂಠಿ. ಆನೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಬೆಳೆ ನೆಲಸಮ. ಕಂದಕ, ಸೋಲಾರ್ ಬೇಲಿ, ಹುಣಸೂರು ಕಡೆ ರೈಲು ಹಳಿಯ ತಡೆಬೇಲಿ ಬಂದಿವೆ. ಪರಿಹಾರದ ಅರ್ಜಿ ಬರೆಸಿ ಓಡಾಡುವುದೂ ಬೇಸಾಯದ ಕೆಲಸಗಳಲ್ಲೊಂದಾಗಿದೆ. ಒಂದೇ ಆನೆ ರೆಸಾರ್ಟಿನ ಖಾತೆಯಲ್ಲಿ ಜಮೆ, ಪಕ್ಕದ ರಾಗಿ ಹೊಲದವನ ಖಾತೆಯಲ್ಲಿ ಖರ್ಚು.

ಆನೆಯೊಂದಿಗಿನ ಹಳೆಯ ನಂಟು ಪೂರ್ತಿ ಹರಿದಿಲ್ಲ. ದಸರೆಗೆ ಮುನ್ನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮಾವುತರು, ಕಾವಾಡಿಗಳು ಸಂಸಾರ ಸಮೇತ ಅರಮನೆ ಆವರಣ ಸೇರುತ್ತಾರೆ. 1968ರ ಕಾಕನಕೋಟೆ ಖೆಡ್ಡಾದಲ್ಲಿ ಸೆರೆಸಿಕ್ಕ ಅರ್ಜುನ ಬಳ್ಳೆ ಶಿಬಿರದಲ್ಲಿ ಬೆಳೆದು 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನಲ್ಲಿ ಪುಂಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಸತ್ತಾಗ ನಾಡೇ ಮರುಗಿತು.

ಸಫಾರಿಯ ಗೇಟು ಮುಚ್ಚಿದರೆ ಏನಾಗುತ್ತದೆ ಎಂಬುದು ಈವರೆಗೆ ಹಲವು ಸಲ ಪರೀಕ್ಷೆಯಾಗಿದೆ. 2012ರ ಜುಲೈಯಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳ ಮರ್ಮಭಾಗದಲ್ಲಿ ಪ್ರವಾಸಕ್ಕೆ ಸುಪ್ರೀಂ ಕೋರ್ಟ್ ತಡೆ ಹಾಕಿತು. ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಯೊಂದಿಗೆ ತಡೆ ತೆರವಾಯಿತು: ಮರ್ಮಭಾಗದ ಶೇ 20ಕ್ಕಿಂತ ಹೆಚ್ಚು ಪ್ರದೇಶ ಪ್ರವಾಸಕ್ಕೆ ಬಳಕೆಯಾಗಬಾರದು, ಪ್ರವಾಸೋದ್ಯಮದಿಂದ ಸಂರಕ್ಷಣಾ ಶುಲ್ಕ ವಸೂಲು ಮಾಡಿ ಸ್ಥಳೀಯರಿಗಾಗಿ ಬಳಸಬೇಕು. 2020ರಲ್ಲಿ ಕೋವಿಡ್ ಮುಚ್ಚಿಸಿತು. 2025ರಲ್ಲಿ ಮುಚ್ಚಿದ್ದಕ್ಕೆ ಕಾರಣ ಕಾಡಿನೊಳಗಿಂದಲೇ ಬಂತು. ಕೋಟೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಸರಗೂರಿನಲ್ಲಿ ಕೆಲವೇ ವಾರಗಳಲ್ಲಿ ಮೂವರು ರೈತರು ಹುಲಿ ದಾಳಿಗೆ ಬಲಿಯಾದರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ನಾಗರಹೊಳೆ, ಬಂಡೀಪುರಗಳಲ್ಲಿ ಸಫಾರಿ, ಚಾರಣ ನಿಲ್ಲಿಸಿ, ಸಿಬ್ಬಂದಿಯನ್ನು ಹುಲಿ ಸೆರೆ ಕಾರ್ಯಾಚರಣೆಗೆ ತೊಡಗಿಸುವಂತೆ ಆದೇಶಿಸಿದರು.

ಸಫಾರಿ ವಾಹನಗಳ ಓಡಾಟ, ಕಾಡಂಚಿನ ರೆಸಾರ್ಟುಗಳ ಬೆಳಕು, ಗದ್ದಲಗಳೇ ಹುಲಿಯನ್ನು ಹೊಲಕ್ಕೆ ಅಟ್ಟುತ್ತಿವೆ ಎಂದು ರೈತ ಸಂಘಟನೆಗಳು ವಾದಿಸಿದವು. ತಾಯಿಯಿಂದ ಬೇರೆಯಾದ ಎಳೆ ಹುಲಿಗಳಿಗೆ ನೆಲೆ ಸಾಲದಿರುವುದು, ಕಾಡಂಚಿನಲ್ಲಿ ದನ ಸುಲಭವಾಗಿ ಸಿಗುವುದು ಇದಕ್ಕೆ ಕಾರಣ ಎಂದು ವನ್ಯಜೀವಿ ಬಲ್ಲವರು ಹೇಳಿದರು. ಅತ್ತ ರೆಸಾರ್ಟುಗಳಲ್ಲಿ ಬುಕಿಂಗು ರದ್ದಾಗಿ ಚಾಲಕರು, ಗೈಡುಗಳು, ಅಡುಗೆಯವರು ಕೆಲಸಕ್ಕಾಗಿ ಕಾಯಬೇಕಾಯಿತು. ಇವರೂ ರೈತರ ಮಕ್ಕಳೇ; ಮನೆಯಲ್ಲಿ ಅಪ್ಪ ಹತ್ತಿ ಹೊಲಕ್ಕೆ ಹೋಗಲು ಹೆದರುವಾಗ ಮಗ ಸಫಾರಿ ಯಾವಾಗ ಶುರುವಾದೀತು ಎಂದು ಕೇಳುವ ಸಂಸಾರಗಳು ಕಾಡಂಚಿನ ಹಳ್ಳಿಗಳಲ್ಲಿವೆ. ಗೇಟು ಮುಚ್ಚಿಸಿ ಎನ್ನುವವರೂ ತೆರೆಸಿ ಎನ್ನುವವರೂ ಅರ್ಜಿ ಹಿಡಿದು ಹೋಗಬೇಕಾದ್ದು ಅದೇ ಅರಣ್ಯ ಇಲಾಖೆಗೆ. ಆ ತೀರ್ಮಾನದಲ್ಲಿ ಕಾರಾಪುರದ ಪಂಚಾಯ್ತಿಗಾಗಲಿ ಹಾಡಿಯ ಗ್ರಾಮಸಭೆಗಾಗಲಿ ಇನ್ನೂ ಮತವಿಲ್ಲ.