ನಳಿಗೆಯ ಜಿಡ್ಡು

ಗಡಿನಾಡು ಎಂದೊಡನೆ ನಮ್ಮ ಕಣ್ಣೆದುರು ಚಂದ್ರಗಿರಿ ಹೊಳೆ ಬಂದು ನಿಲ್ಲುವುದು ಸಹಜ. ಆದರೆ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ನಮ್ಮಂತೆಯೇ ಕನ್ನಡದ ಅಂಗಳದಿಂದ ಹೊರಗುಳಿದ ಊರುಗಳು ಬಡಗಣ ಗಡಿಯಲ್ಲಿಯೂ ಇವೆ. ಮಿರಜದಿಂದ ಪಂಢರಪುರಕ್ಕೆ ಹೋಗುವ ರೈಲುಹಾದಿಯಲ್ಲಿ ಸಿಗುವ ಸಲಗರೆ ಅವುಗಳಲ್ಲೊಂದು. ಸಾಂಗಲಿ ಜಿಲ್ಲೆಯ ಮಿರಜ ತಾಲೂಕಿಗೆ ಸೇರಿದ ಮಳೆನೆರಳಿನ ಊರದು. ಅಲ್ಲಿ ಮರಾಠಿಯ ಮಗ್ಗುಲಲ್ಲಿ ಕನ್ನಡ ಬಾಳುತ್ತಿದೆ, ಇಲ್ಲಿ ಮಲಯಾಳದ ಮಗ್ಗುಲಲ್ಲಿ.

ಗಡಿಸೀಮೆಯ ಚರಿತ್ರೆ ಬರೆಯುವವರು ಕೋಟೆಕೊತ್ತಲಗಳನ್ನೂ ಅರಸರ ವಂಶಾವಳಿಗಳನ್ನೂ ಸಾಕಷ್ಟು ಬರೆದಿದ್ದಾರೆ. ಆ ಕೋಟೆಗಳಲ್ಲಿ ಕೋವಿ ಹಿಡಿದು ನಿಂತವನ ಕೈಗೆ ಅಂಟಿದ್ದ ಜಿಡ್ಡಿನ ಕಡೆಗೆ ಯಾರೂ ಅಷ್ಟಾಗಿ ನೋಡಿದಂತಿಲ್ಲ. ಬಾಯಿಯಿಂದ ಮದ್ದು ತುಂಬುವ ಕೋವಿಗೆ ಎಂಥ ಎಣ್ಣೆ, ಎಂಥ ಕೊಬ್ಬು ಸವರಬೇಕು ಎಂಬುದು ಕ್ಷುಲ್ಲಕ ಪ್ರಶ್ನೆಯಾಗಿ ತೋರಬಹುದು. ಒಂದು ಕಾಲಕ್ಕೆ ಇದೇ ಪ್ರಶ್ನೆ ಒಂದು ಸಾಮ್ರಾಜ್ಯವನ್ನು ಅಲುಗಿಸಿತು. ಅದರ ಬಿಸಿ ಕೃಷ್ಣಾತೀರದ ಕನ್ನಡ ಹಳ್ಳಿಗಳಿಗೂ ತಟ್ಟಿತು.

ಮೊದಲು ಮಾತಿನಿಂದಲೇ ತೊಡಗೋಣ. ಕನ್ನಡದಲ್ಲಿ ಮದ್ದು ಎಂದರೆ ರೋಗಕ್ಕೆ ಕೊಡುವುದೂ ಹೌದು, ಕೋವಿಗೆ ತುಂಬುವುದೂ ಹೌದು. ಮಲಯಾಳದ ‘ಮರುನ್ನ್’ ಕೂಡ ಹೀಗೆಯೇ. ಕೋವಿಗಾದರೆ ಅದು ‘ವೆಡಿಮರುನ್ನ್’. ಮರಾಠಿಯಲ್ಲಿ ‘ದಾರೂ’ ಎಂದರೆ ಹೆಂಡ, ಕೋವಿಮದ್ದು ಎರಡೂ. ಆ ಶಬ್ದ ಫಾರಸಿಯಿಂದ ಬಂದುದು, ಅಲ್ಲಿ ಅದರ ಅರ್ಥ ಔಷಧಿ. ತುಳುವಿನ ‘ಬೆಡಿ’ಯೂ ಮಲಯಾಳದ ‘ವೆಡಿ’ಯೂ ಒಂದೇ ಬೇರಿನವು. ನಮ್ಮ ಕಡೆಯ ಕೇಪಿನ ಕೋವಿಯ ಬಳಗಕ್ಕೆ ಮರಾಠಿಯ ಹೆಸರು ‘ಠಾಸಣೀಚಿ ಬಂದೂಕ’, ಅಂದರೆ ಗಜದಿಂದ ಜಡಿದು ತುಂಬುವ ಬಂದೂಕು.

ಇನ್ನು ಆ ಕೋವಿಯ ಒಳಗಿನ ಸಂಗತಿ. ಕರಿಮದ್ದಿನಲ್ಲಿ ನೂರಕ್ಕೆ ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದು ಉರಿದಾಗ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಅನಿಲವಾಗಿ ಗುಂಡನ್ನು ದೂಡುತ್ತದೆ. ಮಿಕ್ಕದ್ದರಲ್ಲಿ ಕೆಲವಂಶ ಬಿಳಿಹೊಗೆಯಾಗಿ ಹೊರಬಿದ್ದರೆ ಉಳಿದದ್ದು ಕಿಟ್ಟವಾಗಿ ನಳಿಗೆಯೊಳಗೆ ಕೂರುತ್ತದೆ. ನಾಲ್ಕಾರು ಈಡು ಹಾರಿಸುವಷ್ಟರಲ್ಲಿ ನಳಿಗೆಯ ಹರವು ಕಿರಿದಾಗಿ, ಗಜದಿಂದ ಎಷ್ಟು ಜಡಿದರೂ ಗುಂಡು ಇಳಿಯದು. ಒಣಹವೆಯ ಸಲಗರೆಯ ಸೀಮೆಯಲ್ಲಿ ಈ ಕಿಟ್ಟ ಹೆಂಚಿನ ಮೇಲಿನ ಕರಿಯಂತೆ ಗಟ್ಟಿಯಾಗುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಅದೇ ಕಿಟ್ಟ ನೀರು ಹೀರಿ ಒಂದೆರಡು ದಿನಗಳಲ್ಲಿ ಕಬ್ಬಿಣವನ್ನು ತಿನ್ನತೊಡಗುತ್ತದೆ.

ಇದಕ್ಕೆ ಪರಿಹಾರವೇ ಜಿಡ್ಡು. ನುಣುಪು ನಳಿಗೆಯ ಕೋವಿಗೆ ಗುಂಡು ಸಡಿಲವಾಗಿದ್ದರೂ ನಡೆಯುತ್ತದೆ. ಒಳಗೆ ತಿರುಚು ಗೀರುಗಳಿರುವ ರೈಫಲಿಗೆ ಹಾಗಲ್ಲ, ಗುಂಡು ಗೀರುಗಳನ್ನು ಕಚ್ಚಿ ಹಿಡಿಯಬೇಕು. ಅದಕ್ಕಾಗಿ ಸೀಸದ ಗುಂಡನ್ನು ಹತ್ತಿಬಟ್ಟೆಯ ಚಿಕ್ಕ ತುಂಡಿನಲ್ಲಿ ಸುತ್ತಿ, ಬಟ್ಟೆಗೆ ಕೊಬ್ಬನ್ನೋ ಜೇನುಮೇಣ ಬೆರೆಸಿದ ಎಣ್ಣೆಯನ್ನೋ ಸವರಿ ಇಳಿಸುತ್ತಿದ್ದರು. ಏನೂ ಸಿಗದಾಗ ಬಾಯ ಉಗುಳಾದರೂ ಸಾಕು. ಜಿಡ್ಡಿನಿಂದ ಗುಂಡು ಸಲೀಸಾಗಿ ಜಾರುತ್ತದೆ, ಬಟ್ಟೆ ಬೇಗ ಸುಟ್ಟುಹೋಗುವುದಿಲ್ಲ, ಹಳೆಯ ಕಿಟ್ಟವೂ ಮೆತ್ತಗಾಗಿ ಉಜ್ಜಿಹೋಗುತ್ತದೆ. ಜಿಡ್ಡು ಹೆಚ್ಚಾದರೂ ಕೆಡುಕೇ. ಅದು ಮದ್ದನ್ನು ನೆನೆಸುತ್ತದೆ, ಕೇಪಿನ ಕಿರುರಂಧ್ರವನ್ನು ಮುಚ್ಚುತ್ತದೆ. ಈಡು ಮುಗಿದ ಮೇಲೆ ನಳಿಗೆಯನ್ನು ಬಿಸಿನೀರಿನಿಂದಲೇ ತೊಳೆಯಬೇಕು. ಕಿಟ್ಟದಲ್ಲಿರುವುದು ಲವಣವಾದುದರಿಂದ ಅದು ನೀರಿಗೆ ಕರಗುತ್ತದೆ, ಎಣ್ಣೆಗೆ ಕರಗದು. ಚೆನ್ನಾಗಿ ಒಣಗಿಸಿದ ಬಳಿಕ ತೆಳ್ಳಗೆ ಎಣ್ಣೆಯ ಕೈ.

ತೋಪುಗಳಿಗೂ ಈ ನಿಯಮ ತಪ್ಪಿದ್ದಲ್ಲ. 1790ರ ಸೆಪ್ಟೆಂಬರಿನಲ್ಲಿ ಮಿರಜ ಸೀಮೆಯ ಪಟವರ್ಧನ ಮನೆತನದ ಪರಶುರಾಮ ಭಾವೂ, ಟಿಪ್ಪುವಿನ ವಶದಲ್ಲಿದ್ದ ಧಾರವಾಡದ ಕೋಟೆಯನ್ನು ಮುತ್ತಿದನು. ಆರು ತಿಂಗಳು ಮಿಕ್ಕಿದ ಆ ಮುತ್ತಿಗೆ 1791ರ ವಸಂತದಲ್ಲಿ ಕೊನೆಗೊಂಡಿತು. ಜೊತೆಗಿದ್ದ ಇಂಗ್ಲಿಷ್ ತುಕಡಿಯ ಅಧಿಕಾರಿ ಎಡ್ವರ್ಡ್ ಮೂರ್ 1794ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮರಾಠರ ತೋಪಿನವರನ್ನು ಗೇಲಿ ಮಾಡಿದ್ದಾನೆ. ತೋಪು ತುಂಬಿ ಅರ್ಧ ತಾಸು ಹರಟುತ್ತ ಹೊಗೆಬತ್ತಿ ಸೇದುತ್ತ ಕೂರುತ್ತಿದ್ದರಂತೆ, ಆಮೇಲೆ ಹಾರಿಸುತ್ತಿದ್ದರಂತೆ. ಅವನ ನಗೆಯನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಮದ್ದಿಗೆ ಕೊರತೆಯಿದ್ದ ಮುತ್ತಿಗೆಯದು. ಮೇಲಾಗಿ ಕಾದ ನಳಿಗೆಯಲ್ಲಿ ಕಿಡಿಯೊಂದು ಉಳಿದಿದ್ದರೂ ಹೊಸ ಮದ್ದು ತುಂಬುವವನ ಕೈಯೇ ಹೋಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ತಣಿಸದೆ ಅವಸರಪಡುವುದು ಜಾಣತನವಲ್ಲ.

ಇಲ್ಲಿಯವರೆಗೆ ಜಿಡ್ಡನ್ನು ಆರಿಸುವವನು ಕೋವಿ ಹಿಡಿದವನೇ. ಅವನ ಜಾತಿ, ಮತ, ಮನೆಯ ಪದ್ಧತಿಗೆ ಒಗ್ಗಿದ್ದನ್ನು ಅವನು ಬಳಸುತ್ತಿದ್ದ. 1853ರ ಮಾದರಿಯ ಎನ್‌ಫೀಲ್ಡ್ ರೈಫಲಿನೊಡನೆ ಈ ಆಯ್ಕೆ ಅವನ ಕೈತಪ್ಪಿತು. ಮದ್ದು, ಗುಂಡು ಎರಡನ್ನೂ ಕಾಗದದ ಒಂದೇ ತೋಟೆಯಲ್ಲಿ ಸುತ್ತಿ, ಗುಂಡಿನ ತುದಿಗೆ ಮೊದಲೇ ಕೊಬ್ಬು ಬಳಿದು ಕೊಡುವ ಏರ್ಪಾಡು ಬಂತು. ಸಿಪಾಯಿ ಅದರ ಇನ್ನೊಂದು ತುದಿಯನ್ನು ಹಲ್ಲಿನಿಂದ ಹರಿದು ಮದ್ದು ಸುರಿಯಬೇಕು. ಕೊಬ್ಬಿನ ತುದಿ ಬೇರೆ, ಕಚ್ಚುವ ತುದಿ ಬೇರೆ ಎಂಬುದು ನಿಜವೇ. ಆದರೆ ಕೈಗೆ ಅಂಟಿದ್ದು ಬಾಯಿಗೆ ಎಷ್ಟು ದೂರ? ಆ ಕೊಬ್ಬು ದನದ್ದೋ ಹಂದಿಯದ್ದೋ ಎಂಬ ಶಂಕೆ ಹಿಂದೂ ಮುಸಲ್ಮಾನರಿಬ್ಬರನ್ನೂ ಒಟ್ಟಿಗೆ ಬಾಧಿಸಿತು. 1853ರಲ್ಲಿಯೇ ಬಂಗಾಳ ಸೈನ್ಯದ ಅಧಿಕಾರಿ ಕರ್ನಲ್ ಟಕರ್ ಈ ಬಗ್ಗೆ ಎಚ್ಚರಿಸಿದ್ದನು, ಮೇಲಿನವರು ಕಿವಿಗೊಡಲಿಲ್ಲ. 1857ರ ಜನವರಿಯಲ್ಲಿ ದಮ್‌ದಮ್‌ನಲ್ಲಿ ಸುದ್ದಿ ಹಬ್ಬಿದ ಮೇಲೆ, ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದು ಎಂಬ ಅಪ್ಪಣೆ ಹೊರಟಿತು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಏಪ್ರಿಲ್ 24ರಂದು ಮೀರತ್ತಿನಲ್ಲಿ 85 ಸವಾರರು ತೋಟೆ ಮುಟ್ಟಲು ಒಪ್ಪಲಿಲ್ಲ, ಮೇ 10ರಂದು ದಂಗೆ ಸಿಡಿಯಿತು. ಜಿಡ್ಡೊಂದೇ ದಂಗೆಯ ಕಾರಣವೆನ್ನುವುದು ಸರಿಯಾಗದು. ರಾಜ್ಯ, ಭೂಮಿ, ಸಂಬಳ ಮುಂತಾಗಿ ಒಳಗೊಳಗೆ ಕುದಿಯುತ್ತಿದ್ದ ಸಂಗತಿಗಳು ಹಲವಿದ್ದುವು.

ಜುಲೈ 31ರಂದು ಮಿರಜಕ್ಕೆ ಹತ್ತಿರದ ಕೊಲ್ಹಾಪುರದಲ್ಲಿ 27ನೆಯ ಪದಾತಿದಳದ ಸಿಪಾಯಿಗಳು ಎದ್ದರು. ಅದೇ ವರ್ಷ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ಜಾರಿಗೆ ಬಂತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಅವರಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ ಎರಡೂ. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುತ್ತುವರಿದು ಸುಟ್ಟಿತು, ಡಿಸೆಂಬರಿನಲ್ಲಿ ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮರ ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಜೆ.ಎಫ್. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಎಂಬುದು ಇತಿಹಾಸದ ವಿಚಿತ್ರ. ನಮ್ಮ ನೆರೆಯ ಕೊಡಗಿನಲ್ಲಿ ಮಾತ್ರ ಬೇರೆ ಬಗೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟನು, 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ವರೆಗೆ ಮುಂದುವರಿಸಿತು. ಇಂದಿಗೂ ಅಲ್ಲಿ ಕೈಲ್‌ಪೊಳ್ದಿನಂದು ತೊಳೆದು ಒರೆಸಿದ ಕೋವಿಗಳನ್ನು ಸಾಲಾಗಿಟ್ಟು, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ.

ಮಿರಜದಲ್ಲಿ ಆಯುಧದ ಕೈಗಳು ಬೇರೊಂದು ದಾರಿ ಹಿಡಿದುವು. ಅಲ್ಲಿನ ಶಿಕಲಗಾರರು ಆಯುಧಗಳನ್ನು ಸಾಣೆ ಹಿಡಿದು ಹೊಳಪೇರಿಸುವ ಕಸುಬಿನವರು. ಸುಮಾರು 1850ರ ಹೊತ್ತಿಗೆ ಆ ಕೆಲಸ ಇಳಿಮುಖವಾದಾಗ ಫರೀದ್ ಸಾಹೇಬರೇ ಮೊದಲಾದವರು ತಂತಿವಾದ್ಯ ಮಾಡುವುದಕ್ಕೆ ಕೈಹಾಕಿದರೆಂದು ಊರಿನ ಪರಂಪರೆ ಹೇಳುತ್ತದೆ. ಮಿರಜದ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅವಕ್ಕೆ ಬೇಕಾದ ಸೋರೆ ಬೆಳೆಯುವುದು ಪಂಢರಪುರ, ಮಂಗಳವೇಢೆಗಳ ಕಡೆ, ಎಂದರೆ ಸಲಗರೆಯ ರೈಲುಹಾದಿ ಸಾಗುವ ದಿಕ್ಕಿನಲ್ಲಿ. ಕಬ್ಬಿಣವನ್ನು ಒರೆಸಿ ಹೊಳಪೇರಿಸಿದ ಮನೆಗಳು ಮುಂದೆ ಮರವನ್ನೂ ಸೋರೆಯನ್ನೂ ಒರೆಸಿ ಹೊಳಪೇರಿಸಿದುವು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಜಿಡ್ಡು ಯಾವುದೆಂಬುದನ್ನು ಬಳಸುವವನೇ ನಿರ್ಧರಿಸುತ್ತಿದ್ದಾಗ ಅದು ಬರಿಯ ಜಿಡ್ಡಾಗಿತ್ತು. ದೂರದವರು ನಿರ್ಧರಿಸಿ ಅವನ ಬಾಯಿಯವರೆಗೆ ತಂದಾಗ ಅದು ಬೆಂಕಿಯಾಯಿತು. ಸಲಗರೆಯವರಿಗಾಗಲಿ ನಮಗಾಗಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಬಾಯಲ್ಲಿ ಯಾವ ಮಾತಿರಬೇಕೆಂಬ ನಿರ್ಧಾರವೂ ಹೀಗೆಯೇ ದೂರದಿಂದ ಬಂದದ್ದನ್ನು ಎರಡೂ ಕಡೆಯವರು ಕಂಡಿದ್ದೇವೆ.

ಹಂದಿಯ ಕಾಟಕ್ಕೆಂದು ತೋಟದ ಮನೆಗಳಲ್ಲಿ ಇಟ್ಟುಕೊಂಡಿದ್ದ ಹಳೆಯ ಕೋವಿಗಳು ಇಂದು ಒಂದೊಂದಾಗಿ ಕಾಣದಾಗುತ್ತಿವೆ. ಅವು ಹೋಗುವುದಕ್ಕೆ ಅಳಬೇಕಾಗಿಲ್ಲ. ಅವುಗಳೊಡನೆ ಮಸಿ, ಚರೆ, ಕೇಪು, ಗಜ, ಈಡು ಎಂಬ ಮಾತುಗಳೂ, ಅವುಗಳ ಹಿಂದಿನ ತಿಳಿವೂ ಹೋಗುತ್ತವೆಯಲ್ಲ, ಅದು ಯೋಚಿಸತಕ್ಕ ವಿಷಯ. ಮನೆಯಲ್ಲಿ ಹಿರಿಯರಿದ್ದರೆ ಒಂದು ಸಂಜೆ ಅವರ ಬಳಿ ಕುಳಿತು, ಕೋವಿಗೆ ಯಾವ ಎಣ್ಣೆ ಹಾಕುತ್ತಿದ್ದಿರಿ ಎಂದು ಕೇಳಿ ಬರೆದಿಡಿ. ಕನ್ನಡದಲ್ಲಿ ಹೇಳಿದರೆ ಕನ್ನಡದಲ್ಲಿ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲಿ, ಮಲಯಾಳದಲ್ಲಿ ಹೇಳಿದರೆ ಮಲಯಾಳದಲ್ಲಿ. ಗಡಿನಾಡಿನ ಚರಿತ್ರೆಗೆ ಅದೂ ಒಂದು ದಾಖಲೆ.