ಐದು ಅಂಕೆಯ ಜಾಗ

2009ರ ಮೇ ತಿಂಗಳಲ್ಲಿ ಡೆಬಿಯನ್ ಲಿನಕ್ಸ್ ತಂಡ ಹೊರಡಿಸಿದ ಒಂದು ಭದ್ರತಾ ಸೂಚನೆಯನ್ನು, ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ತಪ್ಪದೆ ಓದಿಸುತ್ತೇನೆ. ಇರುವುದು ಕೆಲವೇ ಸಾಲು. ಕ್ವಾಗಾ ಎಂಬ ರೂಟಿಂಗ್ ತಂತ್ರಾಂಶಕ್ಕೆ ಇಂಟರ್ನೆಟ್ಟಿನ ರೂಟಿಂಗ್ ಪಟ್ಟಿಯನ್ನು ನಿಭಾಯಿಸಲು ಆಗುತ್ತಿಲ್ಲ, ಒಂದು ಬಗೆಯ ರೂಟು ಬಂದೊಡನೆ ಜಾಲಗಳ ನಡುವೆ ದಾರಿಗಳನ್ನು ಹಂಚುವ ಅದರ ಬಿಜಿಪಿ ಪ್ರೋಗ್ರಾಂ ಸತ್ತು ಬೀಳುತ್ತದೆ ಎಂಬುದು ಅದರ ತಾತ್ಪರ್ಯ. ಬೇಕೆಂದೇ ಯಾರೂ ಕೆಡಿಸಬೇಕಾಗಿರಲಿಲ್ಲ. ಹೊರಗೆ ಲೆಕ್ಕ ಬೆಳೆದಿತ್ತು, ಒಳಗೆ ಅದಕ್ಕೆಂದು ಬಿಟ್ಟಿದ್ದ ಜಾಗ ಬೆಳೆದಿರಲಿಲ್ಲ.

ಬೆಂಗಳೂರಿನ ಸಣ್ಣ ಇಂಟರ್ನೆಟ್ ಸೇವಾ ಕಂಪನಿಯೊಂದರಲ್ಲಿ ರೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ದುಬಾರಿ ರೂಟರ್ ಕೊಳ್ಳಲಾಗದ ನಮ್ಮಂಥವರು ಮಾಮೂಲಿ ಲಿನಕ್ಸ್ ಸರ್ವರನ್ನೇ ರೂಟರ್ ಮಾಡಿಕೊಂಡು ವ್ಯಾಪಾರ ನಡೆಸಿದ್ದು ಕ್ವಾಗಾ ಹುಟ್ಟಿದ ಜೀಬ್ರಾ ವಂಶದ ಮುಕ್ತ ತಂತ್ರಾಂಶದ ಬಲದಿಂದ. ಹಾಗಾಗಿ ಈ ವಂಶದ ಚರಿತ್ರೆಯನ್ನು ನಾನು ಅನ್ನದ ಋಣ ಇರುವವನಾಗಿಯೇ ಓದುತ್ತೇನೆ.

ಜೀಬ್ರಾವನ್ನು ಶುರು ಮಾಡಿದವರು ಜಪಾನಿನ ಕುನಿಹಿರೊ ಇಶಿಗುರೊ, 1996ರಲ್ಲಿ. ಅದಕ್ಕೂ ಮೊದಲು ಯುನಿಕ್ಸ್ ಯಂತ್ರಗಳಲ್ಲಿ ಓಡುತ್ತಿದ್ದ ಗೇಟ್‌ಡಿ ಎಂಬ ರೂಟಿಂಗ್ ತಂತ್ರಾಂಶದಲ್ಲಿ ಎಲ್ಲ ಪ್ರೋಟೊಕಾಲ್‌ಗಳೂ ಒಂದೇ ಪ್ರೋಗ್ರಾಮಿನೊಳಗೆ ತುಂಬಿಕೊಂಡಿದ್ದವು. ಇಶಿಗುರೊ ಅವನ್ನು ಬಿಡಿಸಿದರು. ರಿಪ್‌ಗೆ ಒಂದು, ಒಎಸ್‌ಪಿಎಫ್‌ಗೆ ಒಂದು, ಬಿಜಿಪಿಗೆ ಒಂದು ಪ್ರೋಗ್ರಾಂ. ಇವೆಲ್ಲ ಕಂಡುಕೊಂಡ ದಾರಿಗಳನ್ನು ಕರ್ನಲ್‌ಗೆ ಮುಟ್ಟಿಸಲು ನಡುವೆ ಜೀಬ್ರಾ. ಒಂದು ಬಿದ್ದರೆ ಉಳಿದವು ನಿಂತಿರುತ್ತವೆ. ಬಗ್ ಹುಡುಕುವವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂಬುದು ನಡುರಾತ್ರಿ ಆ ಕೆಲಸ ಮಾಡಿದವರಿಗೇ ಗೊತ್ತು. 2605ನೇ ಪೋರ್ಟಿಗೆ ಟೆಲ್‌ನೆಟ್ ಮಾಡಿದರೆ ಬಿಜಿಪಿ ಮಾತಿಗೆ ಸಿಗುತ್ತಿತ್ತು, ಕಮಾಂಡುಗಳೂ ಸಿಸ್ಕೊ ರೂಟರಿನಲ್ಲಿ ಕೈಗೆ ಹತ್ತಿದವೇ. 1999ರಲ್ಲಿ ಇಶಿಗುರೊ ಜೊತೆಗಾರರೊಡನೆ ಕಟ್ಟಿದ ಐಪಿ ಇನ್ಫ್ಯೂಷನ್ ಕಂಪನಿ ಇದೇ ಬೇರಿನಿಂದ ಮಾರಾಟದ ತಂತ್ರಾಂಶ ಬೆಳೆಸಿತು. ಅದರ ಎಂಜಿನಿಯರುಗಳಲ್ಲಿ ಅನೇಕರು ಕೂರುವುದು ಬೆಂಗಳೂರಿನಲ್ಲಿ.

ಇತ್ತ ಮುಕ್ತ ಜೀಬ್ರಾ ನಿಧಾನವಾಯಿತು. ಹೊರಗಿನವರು ತಿದ್ದಿ ಕಳಿಸಿದ ಪ್ಯಾಚ್‌ಗಳು ಒಳಗೆ ಸೇರದೆ ಕಾದವು. ಕಾದು ಬೇಸತ್ತವರು 2003ರ ಸುಮಾರಿಗೆ ಅದೇ ಕೋಡ್ ಎತ್ತಿಕೊಂಡು ಕ್ವಾಗಾ ಶುರು ಮಾಡಿದರು. ಪಾಲ್ ಜಾಕ್ಮಾ ಅದರ ಹೊಣೆ ಹೊತ್ತವರಲ್ಲಿ ಮುಖ್ಯರು.

ಈಗ ಆ ಮೇ ತಿಂಗಳ ಬಗ್‌ಗೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಸ್ವತಂತ್ರವಾಗಿ ನಿಂತ ಪ್ರತಿ ಜಾಲಕ್ಕೂ ಒಂದು ಎಎಸ್ ನಂಬರ್ ಇರುತ್ತದೆ. ಬಿಜಿಪಿಯಲ್ಲಿ ಒಂದು ರೂಟು ಜಾಲದಿಂದ ಜಾಲಕ್ಕೆ ದಾಟುವಾಗ ಪ್ರತಿಯೊಬ್ಬರೂ ತಮ್ಮ ನಂಬರನ್ನು ಅದಕ್ಕೆ ಸೇರಿಸುತ್ತಾ ಹೋಗುತ್ತಾರೆ. ಹೀಗೆ ಸಾಲುಗಟ್ಟಿದ ನಂಬರುಗಳೇ ಎಎಸ್ ಪಾತ್. ಮೊದಲಿಂದಲೂ ಈ ನಂಬರಿಗೆ 16 ಬಿಟ್ ಇಟ್ಟಿದ್ದರಿಂದ 65535ಕ್ಕಿಂತ ದೊಡ್ಡದು ಇರುತ್ತಿರಲಿಲ್ಲ. ಅಂದರೆ ಹೆಚ್ಚೆಂದರೆ ಐದು ಅಂಕೆ. ನಂಬರುಗಳು ಮುಗಿಯುತ್ತಾ ಬಂದದ್ದರಿಂದ 2007ರಲ್ಲಿ 32 ಬಿಟ್ಟಿನ ನಿಯಮ ಬಂತು, ಹತ್ತು ಅಂಕೆಯವರೆಗೆ ಹೋಗಬಹುದಾಯಿತು. 2009ರ ಜನವರಿ 1ರಿಂದ, ನಂಬರ್ ಹಂಚುವ ಪ್ರಾದೇಶಿಕ ಸಂಸ್ಥೆಗಳು ಬೇರೆ ಏನೂ ಕೇಳದವರಿಗೆ ದೊಡ್ಡ ನಂಬರನ್ನೇ ಕೊಡತೊಡಗಿದವು.

ಕ್ವಾಗಾ ತಯಾರಾಗಿಯೇ ಇತ್ತು. ದೊಡ್ಡ ನಂಬರನ್ನು ಓದುವುದು, ಇಟ್ಟುಕೊಳ್ಳುವುದು, ನೆರೆಯವರಿಗೆ ದಾಟಿಸುವುದು ಎಲ್ಲ ಬರುತ್ತಿತ್ತು. ಆದರೆ ಆ ಪಾತನ್ನು ಮನುಷ್ಯರು ಓದುವಂತೆ ಅಕ್ಷರಗಳ ಸಾಲಾಗಿ ಬರೆದಿಡುವ ಒಂದು ಮೂಲೆಯಲ್ಲಿ, ನಂಬರೊಂದಕ್ಕೆ ಐದು ಅಂಕೆ, ಜೊತೆಗೆ ಒಂದು ತೆರಪು ಎಂಬ ಹಳೆಯ ಅಂದಾಜಿನಲ್ಲೇ ಮೆಮೊರಿ ಕೇಳುತ್ತಿತ್ತು. ಪಾತಿನಲ್ಲಿ ಒಂದೇ ಒಂದು ದೊಡ್ಡ ನಂಬರ್ ಇದ್ದರೆ ಉಳಿದವು ಚಿಕ್ಕವಾದ್ದರಿಂದ ಹೇಗೋ ಹೊಂದಿಕೊಳ್ಳುತ್ತಿತ್ತು. ಒಂದೇ ಪಾತಿನಲ್ಲಿ ಹಲವು ದೊಡ್ಡ ನಂಬರುಗಳು ಬಂದ ದಿನ ಜಾಗ ಸಾಲದಾಯಿತು. ಬರೆದ ಸಾಲು ಕೇಳಿದ ಜಾಗಕ್ಕಿಂತ ಉದ್ದವಾಗಲು ಸಾಧ್ಯವೇ ಇಲ್ಲ ಎಂದು ಕೋಡಿನಲ್ಲಿ ಒಂದು ಅಸರ್ಟ್ ಇತ್ತು. ಆ ಮಾತು ಸುಳ್ಳಾದೊಡನೆ ಪ್ರೋಗ್ರಾಂ ತನ್ನನ್ನು ತಾನೇ ನಿಲ್ಲಿಸಿಕೊಂಡಿತು.

ಈ ಅಸರ್ಟನ್ನು ಬೈದವರು ಉಂಟು. ನಾನು ಬೈಯುವುದಿಲ್ಲ. ಅದು ಇಲ್ಲದಿದ್ದರೆ ಪಕ್ಕದ ಮೆಮೊರಿಯನ್ನು ಸದ್ದಿಲ್ಲದೆ ತಿಂದು, ಯಾವುದೋ ಸಂಬಂಧವಿಲ್ಲದ ಕಡೆ ಪ್ರೋಗ್ರಾಂ ಸಾಯುತ್ತಿತ್ತು. ಕಾರಣ ಹುಡುಕಲು ವಾರಗಟ್ಟಲೆ ಬೇಕಾಗುತ್ತಿತ್ತು. ಇಲ್ಲಿ ಸತ್ತ ಸಾಲಿನ ನಂಬರೇ ಲಾಗ್‌ನಲ್ಲಿ ಸಿಗುತ್ತದೆ. ಆದರೆ ಜಾಲದ ಮೇಲೆ ಪೆಟ್ಟು ಮಾತ್ರ ಕಡಿಮೆಯಲ್ಲ. ಬಿದ್ದ ಪ್ರೋಗ್ರಾಮನ್ನು ಎಬ್ಬಿಸಿದರೆ ಅದು ನೆರೆಯ ರೂಟರಿನೊಂದಿಗೆ ಮತ್ತೆ ಕೈಕುಲುಕಿ, ಆಗಿನ ಲೆಕ್ಕದಲ್ಲಿ ಮೂರು ಲಕ್ಷದ ಹತ್ತಿರದ ರೂಟುಗಳನ್ನು ಮೊದಲಿಂದ ಕೇಳುತ್ತದೆ. ಅವುಗಳ ನಡುವೆ ಅದೇ ರೂಟು ಇನ್ನೂ ಇರುತ್ತದೆ. ಮತ್ತೆ ಸಾವು. ಬಿಜಿಪಿ ನೆರೆಯವರ ಸ್ಥಿತಿ ತೋರಿಸುವ ಸಮ್ಮರಿ ತೆಗೆದು ನೋಡಿದರೆ ನೆರೆಯವರ ಮುಂದೆ ‘ಆ್ಯಕ್ಟಿವ್’ ಎಂದಿರುತ್ತದೆ. ಸೆಷನ್ ಬಿದ್ದಿದೆ, ಕಟ್ಟಲು ಒದ್ದಾಡುತ್ತಿದೆ ಎಂದು ಅದರರ್ಥ. ಹೊಸಬರು ಅದನ್ನು ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ. ಪರಿಹಾರ ಹೇಳುವುದಾದರೆ ಒಂದೇ ಮಾತು: ಐದರ ಜಾಗದಲ್ಲಿ ಹತ್ತು.

ತಿದ್ದುವುದು ಸಲೀಸು, ತಿದ್ದಿದ್ದು ಸೇರುವುದು ಕಷ್ಟ. ಜೀಬ್ರಾಕ್ಕೆ ಬಂದ ಕಾಯಿಲೆಯೇ ಕ್ರಮೇಣ ಕ್ವಾಗಾಕ್ಕೂ ಬಂತು. ಕೆಲವೇ ಜನ ಎಲ್ಲವನ್ನೂ ಓದಿ ಒಪ್ಪಬೇಕು, ಕಳಿಸುವವರು ನೂರಾರು. ಕಂಪನಿಗಳು ತಮ್ಮ ತಮ್ಮ ಪ್ಯಾಚುಗಳ ಗುಡ್ಡೆಯನ್ನು ಮನೆಯಲ್ಲೇ ಇಟ್ಟುಕೊಂಡವು. ಒಬ್ಬರು ಸರಿಪಡಿಸಿದ ಬಗ್ ಇನ್ನೊಬ್ಬರಲ್ಲಿ ಜೀವಂತವಾಗಿತ್ತು. ಯುರೋಪಿನ ಇಂಟರ್ನೆಟ್ ಎಕ್ಸ್‌ಚೇಂಜುಗಳಲ್ಲಿ ಎಷ್ಟೋ ಮಂದಿ ತಮ್ಮ ರೂಟ್ ಸರ್ವರುಗಳಿಗೆ ಬರ್ಡ್ ಎಂಬ ಬೇರೆ ರೂಟಿಂಗ್ ತಂತ್ರಾಂಶ ಹಾಕಿಕೊಂಡರು. ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ 1998ರ ಸುಮಾರಿಗೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಹುಟ್ಟಿದ್ದು ಅದು. 2017ರ ಏಪ್ರಿಲ್‌ನಲ್ಲಿ ಕ್ವಾಗಾದಿಂದ ಒಡೆದ ಎಫ್ಆರ್‌ಆರ್, ಲಿನಕ್ಸ್ ಫೌಂಡೇಶನ್ ನೆರಳಿನಲ್ಲಿ ಬಹಿರಂಗವಾಯಿತು. ಅಲ್ಲಿ ಪ್ಯಾಚ್ ಒಪ್ಪಿಕೊಳ್ಳುವ ಅಧಿಕಾರ ಹಲವರ ಕೈಯಲ್ಲಿದೆ, ಒಂದೇ ಲಿನಕ್ಸ್ ಯಂತ್ರದೊಳಗೆ ಹಲವು ರೂಟರುಗಳನ್ನು ಸೃಷ್ಟಿಸಿ ಪ್ರತಿ ತಿದ್ದುಪಡಿಯನ್ನೂ ಪರೀಕ್ಷೆಗೆ ಹಚ್ಚುತ್ತಾರೆ. ಈ ಒಡಕನ್ನು ದ್ರೋಹ ಎಂದವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಒಡೆಯದೆ ಗತಿಯಿರಲಿಲ್ಲ ಎಂಬುದೇ ನನ್ನ ಎಣಿಕೆ.

ಕೋಡಿಗಿಂತ ಆಳದಲ್ಲಿ ಇನ್ನೊಂದು ತೊಡಕಿತ್ತು, ಅದು ನಿಯಮದ್ದೇ. ನೆರೆಯವರಿಂದ ತಪ್ಪಾದ ಅಪ್‌ಡೇಟ್ ಬಂದರೆ ದೂರು ಹೇಳಿ ಸೆಷನ್ನನ್ನೇ ಕಡಿದುಹಾಕಬೇಕು ಎಂಬುದು ಬಿಜಿಪಿಯ ಹಳೆಯ ನಿಯಮ. ಆದರೆ ರೂಟಿನ ಜೊತೆ ಸಾಗುವ ಆಟ್ರಿಬ್ಯೂಟ್ ಎಂಬ ವಿವರಗಳಲ್ಲಿ ತಮಗೆ ಗೊತ್ತಿಲ್ಲದ ಕೆಲವನ್ನು ರೂಟರುಗಳು ಬಿಚ್ಚದೆ ಮುಂದಕ್ಕೆ ಕಳಿಸುತ್ತವೆ. ತಪ್ಪು ಮಾಡಿದ್ದು ಎಲ್ಲೋ ದೂರದವರು, ಸಂಬಂಧ ಕಡಿದದ್ದು ಪಕ್ಕದವರೊಂದಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. 2015ರ ಆಗಸ್ಟ್‌ನಲ್ಲಿ ಬಂದ ಆರ್‌ಎಫ್‌ಸಿ 7606 ಇದನ್ನು ಬದಲಿಸಿತು: ಕೆಟ್ಟ ರೂಟನ್ನು ಹಿಂತೆಗೆದುಕೊಂಡಂತೆ ಭಾವಿಸಿ, ಸಾಧ್ಯವಾದಷ್ಟೂ ಸೆಷನ್ ಉಳಿಸಿಕೊಳ್ಳಿ.

ಕಾಗದದಲ್ಲಿ ಬಂದದ್ದು ಕೋಡಿಗೆ ಇಳಿಯಲು ಹೊತ್ತು ಹಿಡಿಯಿತು. 2019ರ ಜನವರಿಯಲ್ಲಿ ಸಂಶೋಧಕರ ತಂಡವೊಂದು ಮುಂಚಿತವಾಗಿ ತಿಳಿಸಿಯೇ, ಅಭಿವೃದ್ಧಿಗೆಂದು ಕಾದಿರಿಸಿದ 255ನೇ ಆಟ್ರಿಬ್ಯೂಟ್ ಹೊತ್ತ ರೂಟನ್ನು ಪ್ರಯೋಗಕ್ಕಾಗಿ ಹೊರಬಿಟ್ಟಿತು. ಎಫ್ಆರ್‌ಆರ್‌ನ ಒಂದು ಭಾಗ ಅದೇ ಸಂಖ್ಯೆಯನ್ನು ತನ್ನ ಒಳಬಳಕೆಗೆ ಇಟ್ಟುಕೊಂಡಿತ್ತು. ಬಂದದ್ದನ್ನು ತನ್ನದೇ ಕೆಟ್ಟ ದತ್ತಾಂಶವೆಂದು ತಿಳಿದು ಸೆಷನ್ ಕಡಿಯಿತು. ಪ್ರಯೋಗ ನಿಲ್ಲಿಸಿದರು, ತಿದ್ದಿದ ಆವೃತ್ತಿಗಳು ಬೇಗನೆ ಬಂದವು. ಅದೇ ತಿಂಗಳು ಮತ್ತೆ ಶುರು ಮಾಡಿದಾಗ ಮತ್ತೆ ದೂರು ಬಂದು, ಪ್ರಯೋಗವನ್ನೇ ಕೈಬಿಟ್ಟರು. ಸಂಶೋಧಕರನ್ನು ದೂರಿದವರ ಜೊತೆ ನಾನಿಲ್ಲ. ನಿಯಮದೊಳಗಿನ ಒಂದು ಪ್ಯಾಕೆಟ್‌ಗೆ ಬೀಳುವ ರೂಟರ್, ದುರುದ್ದೇಶದವರ ಕೈಗೂ ಸಿಗುತ್ತಿತ್ತು.

2023ರ ಜೂನ್‌ನಲ್ಲಿ ಬ್ರೆಜಿಲ್‌ನ ಸಣ್ಣ ಜಾಲವೊಂದರಿಂದ ಹೊರಟ ಕೆಟ್ಟ ಆಟ್ರಿಬ್ಯೂಟ್ ದೂರದ ಸೆಷನ್‌ಗಳನ್ನು ಉರುಳಿಸಿತು. ಅದನ್ನು ಕಂಡ ಸಂಶೋಧಕರೊಬ್ಬರು ಬೇಕೆಂದೇ ಕೆಡಿಸಿದ ಅಪ್‌ಡೇಟ್‌ಗಳನ್ನು ತಮ್ಮ ಪ್ರಯೋಗಶಾಲೆಯಲ್ಲಿ ಒಂದೊಂದು ತಂತ್ರಾಂಶಕ್ಕೂ ಉಣಿಸಿ ನೋಡಿದರು. ಬರ್ಡ್ ಪಾರಾಯಿತು. ಎಫ್ಆರ್‌ಆರ್ 7.5.1ರಿಂದ 9.0ರವರೆಗೆ, 23ನೇ ಆಟ್ರಿಬ್ಯೂಟ್‌ನಲ್ಲಿ ಸಿಕ್ಕಿಬಿತ್ತು. ಓಪನ್‌ಬಿಜಿಪಿಡಿ ಎಂಬ ಇನ್ನೊಂದು ತಂತ್ರಾಂಶದಲ್ಲೂ ಒಂದು ದೋಷ ಸಿಕ್ಕಿತು. ಎರಡಕ್ಕೂ ಪ್ಯಾಚ್ ಬಂತು. ನಮ್ಮಲ್ಲಿ ಎರಡು ಅಪ್‌ಸ್ಟ್ರೀಮ್‌ಗಳಿಗೆ ಎರಡು ರೂಟರ್ ಇರುವುದರಿಂದ ಒಂದರ ಟ್ರಾಫಿಕ್ಕನ್ನು ಮೊದಲು ಇನ್ನೊಂದಕ್ಕೆ ತಿರುಗಿಸಿ, ಖಾಲಿಯಾದ ರೂಟರಿನಲ್ಲಿ ಹೊಸ ಆವೃತ್ತಿ ಹಾಕಿ, ರೂಟುಗಳೆಲ್ಲ ತುಂಬಿಕೊಂಡ ಮೇಲೆ ಎರಡನೆಯದಕ್ಕೆ ಕೈ ಹಾಕಿದೆವು. ಒಂದೇ ರೂಟರ್ ಇಟ್ಟುಕೊಂಡವರಿಗೆ ಈ ಅನುಕೂಲವಿಲ್ಲ. ಅವರು ಗ್ರಾಹಕರಿಗೆ ಮೊದಲೇ ತಿಳಿಸಿ, ಕೆಲವು ನಿಮಿಷ ಎಲ್ಲರ ಇಂಟರ್ನೆಟ್ ನಿಲ್ಲಿಸಿಯೇ ಹಾಕಬೇಕು. ಅನೇಕರು ಮುಂದೂಡುತ್ತಾರೆ. ಪರಿಚಯದ ಅಂಥ ಜಾಲಗಳಿಗೆ ನಾವು ಫೋನ್ ಮಾಡಿ ಹೇಳುತ್ತೇವೆ, ಕರೆದರೆ ಹೋಗಿ ಹಾಕಿಕೊಟ್ಟೂ ಬರುತ್ತೇವೆ.