ಅಂಡಾಣು ದಾನ: ದಾನಿಯ ಆಯ್ಕೆಗೆ ಮುನ್ನ ತಿಳಿದಿರಬೇಕಾದದ್ದು

ಮದುವೆಯಾಗಿ ಹಲವು ವರ್ಷ ಕಳೆದರೂ ಮಡಿಲು ತುಂಬದ ದಂಪತಿಗೆ ವೈದ್ಯರು ಹೇಳುವ ಮಾತುಗಳಲ್ಲಿ ಅತ್ಯಂತ ಕಠಿಣವಾದದ್ದು, 'ನಿಮ್ಮ ಅಂಡಾಣುವಿನಿಂದ ಗರ್ಭ ನಿಲ್ಲುವ ಸಾಧ್ಯತೆ ತೀರಾ ಕಡಿಮೆ' ಎಂಬುದು. ಅಂಥವರ ಮುಂದೆ ಉಳಿಯುವ ಹಾದಿಗಳಲ್ಲಿ ದತ್ತು ಸ್ವೀಕಾರ ಒಂದಾದರೆ, ಮತ್ತೊಬ್ಬ ಮಹಿಳೆಯ ಅಂಡಾಣು ಪಡೆದು ತಾನೇ ಗರ್ಭ ಧರಿಸುವುದು ಇನ್ನೊಂದು. 1980ರ ದಶಕದಲ್ಲಿ ಜಗತ್ತಿನಲ್ಲಿ ಆರಂಭವಾದ ಈ ಚಿಕಿತ್ಸೆ ಇಂದು ರಾಜ್ಯದ ನಗರಗಳಲ್ಲಿಯೂ ಲಭ್ಯವಿದೆ. ಆದರೆ 2022ರ ಜನವರಿ 25ರಂದು ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ-2021 ಇದಕ್ಕೆ ಸ್ಪಷ್ಟ ಕಟ್ಟುಪಾಡುಗಳನ್ನು ವಿಧಿಸಿದೆ.

ಯಾರಿಗೆ ಅಗತ್ಯ?

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯದಲ್ಲಿ ಸುಮಾರು ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳ ದಾಸ್ತಾನು ಇರುತ್ತದೆ. ಹೊಸದಾಗಿ ಅವು ಉತ್ಪತ್ತಿಯಾಗುವುದಿಲ್ಲ. 35 ವರ್ಷ ದಾಟಿದ ನಂತರ ಅವುಗಳ ಸಂಖ್ಯೆಯೂ ಗುಣಮಟ್ಟವೂ ವೇಗವಾಗಿ ಕುಸಿಯುತ್ತವೆ. 40 ವರ್ಷಕ್ಕೆ ಮುನ್ನವೇ ಅಂಡಾಶಯ ನಿಷ್ಕ್ರಿಯವಾದವರು, ಕ್ಯಾನ್ಸರ್ ಚಿಕಿತ್ಸೆಯಿಂದ ಅಂಡಾಶಯಕ್ಕೆ ಹಾನಿಯಾದವರು, ಟರ್ನರ್ ಸಿಂಡ್ರೋಮ್ ಉಳ್ಳವರು, ಗಂಭೀರ ವಂಶವಾಹಿ ಕಾಯಿಲೆ ಮಗುವಿಗೆ ದಾಟುವ ಭೀತಿಯುಳ್ಳವರು ಹಾಗೂ ಸ್ವಂತ ಅಂಡಾಣುವಿನ ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಪದೇ ಪದೇ ವಿಫಲರಾದವರಿಗೆ ವೈದ್ಯರು ದಾನಿ ಅಂಡಾಣುವನ್ನು ಸೂಚಿಸುತ್ತಾರೆ. ಎಎಂಎಚ್ ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್ ವರದಿಗಳನ್ನು ಇನ್ನೊಬ್ಬ ತಜ್ಞರಿಗೂ ತೋರಿಸಿದ ಬಳಿಕವೇ ನಿರ್ಧಾರಕ್ಕೆ ಬರುವುದು ಲೇಸು.

ಚಿಕಿತ್ಸೆಯ ಬಗೆ

ದಾನಿಗೆ ಸುಮಾರು 10ರಿಂದ 12 ದಿನ ಹಾರ್ಮೋನ್ ಚುಚ್ಚುಮದ್ದು ನೀಡಿ, ಮಂಪರು ಬರಿಸಿ, ಯೋನಿಮಾರ್ಗದ ಮೂಲಕ ಸೂಜಿಯಿಂದ ಅಂಡಾಣುಗಳನ್ನು ತೆಗೆಯಲಾಗುತ್ತದೆ. ಪ್ರಯೋಗಾಲಯದಲ್ಲಿ ಅವನ್ನು ಪತಿಯ ವೀರ್ಯಾಣುವಿನೊಂದಿಗೆ ಸೇರಿಸಿ, ಮೂರನೇ ಅಥವಾ ಐದನೇ ದಿನ ಭ್ರೂಣವನ್ನು ಪತ್ನಿಯ ಗರ್ಭಕೋಶಕ್ಕೆ ವರ್ಗಾಯಿಸುತ್ತಾರೆ. ಅದಕ್ಕಾಗಿ ಆಕೆಯ ಗರ್ಭಕೋಶದ ಒಳಪದರವನ್ನು ಹಾರ್ಮೋನ್ ಮೂಲಕ ಮೊದಲೇ ಸಿದ್ಧಗೊಳಿಸಲಾಗಿರುತ್ತದೆ. ಯಶಸ್ಸು ಬಹುಮಟ್ಟಿಗೆ ಅವಲಂಬಿಸಿರುವುದು ಗರ್ಭ ಧರಿಸುವವಳ ವಯಸ್ಸನ್ನಲ್ಲ, ದಾನಿಯ ವಯಸ್ಸನ್ನು. ಆದರೂ ಇಂಥ ಗರ್ಭಧಾರಣೆಯಲ್ಲಿ ರಕ್ತದೊತ್ತಡ ಏರುವ ಸಂಭವ ಹೆಚ್ಚಿರುವುದರಿಂದ ನಿರಂತರ ತಪಾಸಣೆ ಅನಿವಾರ್ಯ.

ಕಾಯ್ದೆ ಏನು ಹೇಳುತ್ತದೆ?

* ಅಂಡಾಣು ದಾನಿಯ ವಯಸ್ಸು 23ರಿಂದ 35 ವರ್ಷದೊಳಗಿರಬೇಕು.

* ಆಕೆ ಜೀವಮಾನದಲ್ಲಿ ಒಮ್ಮೆ ಮಾತ್ರ ದಾನ ಮಾಡಬಹುದು. ಏಳಕ್ಕಿಂತ ಹೆಚ್ಚು ಅಂಡಾಣುಗಳನ್ನು ತೆಗೆಯುವಂತಿಲ್ಲ.

* ಒಬ್ಬ ದಾನಿಯ ಅಂಡಾಣುವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ನೀಡುವಂತಿಲ್ಲ.

* ದಾನಿಯನ್ನು ಒದಗಿಸುವ ಅಧಿಕಾರ ನೋಂದಾಯಿತ ಬ್ಯಾಂಕ್‌ಗೆ ಮಾತ್ರ. ಅಂಡಾಣುವಿನ ಮಾರಾಟ ನಿಷಿದ್ಧ.

* ದಾನಿಯ ಹೆಸರಿನಲ್ಲಿ 12 ತಿಂಗಳ ವಿಮೆಯನ್ನು ಚಿಕಿತ್ಸೆ ಪಡೆಯುವವರೇ ಮಾಡಿಸಬೇಕು.

* ಚಿಕಿತ್ಸೆ ಪಡೆಯುವ ಮಹಿಳೆಯ ವಯಸ್ಸು 21ಕ್ಕಿಂತ ಹೆಚ್ಚು, 50ಕ್ಕಿಂತ ಕಡಿಮೆ ಇರಬೇಕು. ಪುರುಷನಿಗೆ ಮೇಲ್ಮಿತಿ 55. ಅವಿವಾಹಿತ ಮಹಿಳೆಗೂ ಅವಕಾಶವಿದೆ.

ಏಳು ಅಂಡಾಣುಗಳ ಮಿತಿಯನ್ನು ದಂಪತಿ ಚೆನ್ನಾಗಿ ಅರಿತಿರಬೇಕು. ತೆಗೆದ ಏಳೂ ಪಕ್ವವಾಗಿರಬೇಕೆಂದಿಲ್ಲ, ಪಕ್ವವಾದವೆಲ್ಲ ಫಲಿತವಾಗುವುದಿಲ್ಲ, ಫಲಿತವಾದವೆಲ್ಲ ಐದನೇ ದಿನದವರೆಗೆ ಬೆಳೆಯುವುದಿಲ್ಲ. ಮೊದಲ ಯತ್ನ ಕೈಕೊಟ್ಟರೆ ಮತ್ತೊಬ್ಬ ದಾನಿಯನ್ನು ಹುಡುಕಿ ಎಲ್ಲ ವೆಚ್ಚವನ್ನೂ ಹೊಸದಾಗಿ ಭರಿಸಬೇಕಾಗಬಹುದು.

ಆಯ್ಕೆ ಹೇಗೆ?

ದಾನಿ ಮತ್ತು ದಂಪತಿಯ ಮಾಹಿತಿಯನ್ನು ಗೋಪ್ಯವಾಗಿಡಬೇಕೆಂದು ಕಾಯ್ದೆ ವಿಧಿಸಿದೆ. ಹೀಗಾಗಿ ಆಯ್ಕೆ ನಡೆಯುವುದು ಹೆಸರು, ವಿಳಾಸಗಳಿಲ್ಲದ ವಿವರಗಳ ಆಧಾರದ ಮೇಲೆ. ಮೈಬಣ್ಣ, ಎತ್ತರ, ವಿದ್ಯಾಭ್ಯಾಸಗಳ ಕುರಿತು ವಿಚಾರಿಸುವ ಮುನ್ನ ಕೇಳಬೇಕಾದದ್ದು ಆರೋಗ್ಯದ ವಿಷಯ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆಯ ವರದಿ, ರಕ್ತದ ಗುಂಪು, ಕುಟುಂಬದಲ್ಲಿ ವಂಶಪಾರಂಪರ್ಯ ಕಾಯಿಲೆ ಇದೆಯೇ ಎಂಬ ವಿವರ ಮುಖ್ಯ. ಪತಿಯು ಥಲಸ್ಸೇಮಿಯಾ ವಾಹಕನಾಗಿದ್ದರೆ ದಾನಿಗೂ ಆ ಪರೀಕ್ಷೆ ಆಗಲೇಬೇಕು. ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ದಾನಿಯ ಹಿತ

ಹಾರ್ಮೋನ್ ಚುಚ್ಚುಮದ್ದಿಗೆ ಅಂಡಾಶಯ ಅತಿಯಾಗಿ ಸ್ಪಂದಿಸಿದರೆ ಹೊಟ್ಟೆಯಲ್ಲಿ ನೀರು ತುಂಬುವುದು, ಉಸಿರಾಟದ ತೊಂದರೆ, ರಕ್ತ ಹೆಪ್ಪುಗಟ್ಟುವಿಕೆ ಸಂಭವಿಸಬಹುದು. ಅಪರೂಪಕ್ಕೆ ಪ್ರಾಣಾಪಾಯವೂ ಉಂಟು. ಹಣದ ಅಡಚಣೆಯಲ್ಲಿರುವ ಹೆಣ್ಣುಮಕ್ಕಳನ್ನು ಪದೇ ಪದೇ ಬಳಸಿಕೊಳ್ಳುವುದನ್ನು ತಡೆಯಲೆಂದೇ 'ಜೀವಮಾನಕ್ಕೊಮ್ಮೆ' ನಿಯಮವಿದೆ. ದಾನಿಯ ಲಿಖಿತ ಒಪ್ಪಿಗೆ ಮತ್ತು ವಿಮಾಪತ್ರ ಇದೆಯೇ ಎಂದು ಕೇಳುವುದು ದಂಪತಿಯ ಹೊಣೆಯೂ ಹೌದು.

ತಾಯಿ ಯಾರು?

ಹುಟ್ಟುವ ಮಗು ಚಿಕಿತ್ಸೆ ಪಡೆದ ದಂಪತಿಯ ಜೈವಿಕ ಸಂತಾನವೆಂದೇ ಕಾಯ್ದೆ ಪರಿಗಣಿಸುತ್ತದೆ. ದಾನಿಗೆ ಪೋಷಕತ್ವದ ಯಾವ ಹಕ್ಕೂ ಇರುವುದಿಲ್ಲ. ತಂಗಿಯೇ ಅಂಡಾಣು ನೀಡಿ, ಬಾಡಿಗೆ ತಾಯ್ತನದಿಂದ ಅವಳಿ ಹೆಣ್ಣುಮಕ್ಕಳು ಜನಿಸಿದ್ದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟ್ 2024ರ ಆಗಸ್ಟ್‌ನಲ್ಲಿ ಇದನ್ನೇ ಎತ್ತಿಹಿಡಿಯಿತು. ಅಂಡಾಣು ನೀಡಿದ ಮಾತ್ರಕ್ಕೆ ತಂಗಿ ಕಾನೂನುಬದ್ಧ ತಾಯಿಯಾಗುವುದಿಲ್ಲವೆಂದು ಹೇಳಿ, ಅಕ್ಕನಿಗೆ ಮಕ್ಕಳನ್ನು ಭೇಟಿಯಾಗಲು ಅನುಮತಿ ನೀಡಿತು.

ಕಾನೂನು ಉತ್ತರಿಸಿದರೂ ಮನಸ್ಸು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಗಳು ಉಳಿಯುತ್ತವೆ. ಮಗುವಿಗೆ ಮುಂದೆ ವಿಷಯ ತಿಳಿಸುವುದೇ, ಹಿರಿಯರಿಗೆ ಹೇಳುವುದೇ ಎಂಬುದನ್ನು ಗಂಡ-ಹೆಂಡತಿ ಮೊದಲೇ ಕುಳಿತು ಮಾತನಾಡಿಕೊಳ್ಳುವುದು ಒಳಿತು. ಭ್ರೂಣ ವರ್ಗಾವಣೆಗೆ ಮುನ್ನ ಯಾವುದೇ ಹಂತದಲ್ಲಿ ಒಪ್ಪಿಗೆಯನ್ನು ಹಿಂಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಆದ್ದರಿಂದ ಆತುರಪಡಬೇಕಾದ ಅಗತ್ಯವಿಲ್ಲ.